ಅನ್ನ ಕಡಿಮೆ ಮಾಡಿದ ಮೇಲೆ ತಟ್ಟೆಯಲ್ಲಿ ಏನಿರಬೇಕು? – ಸಕ್ಕರೆ ಕಾಯಿಲೆ ಮತ್ತು ನಮ್ಮ ಜಿಲ್ಲೆಯ ಅಡುಗೆ

ತೋಟದಮನೆ, ಶಿರಸಿ (ಮೇ ತಿಂಗಳು)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಈಗ 54 ವರ್ಷ. ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಅವರ ಕಾಲಿನ ಗಾಯವೊಂದು ಮೂರು ವಾರವಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ಸಕ್ಕರೆ 188, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 9.2 ಎಂದು ಬಂತು. ವೈದ್ಯರು ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಸೇರಿದ ಮಾತ್ರೆಯನ್ನು ಬರೆದುಕೊಟ್ಟು, ಅನ್ನ ಕಡಿಮೆ ಮಾಡಬೇಕೆಂದರು. ಕಡಿಮೆ ಮಾಡಿದ ಅನ್ನದ ಜಾಗದಲ್ಲಿ ಏನನ್ನು ಬಡಿಸಬೇಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು.

ಮನೆಗೆ ಬಂದು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬೆಳಗಿನ ದೋಸೆಯನ್ನು ನಿಲ್ಲಿಸಿ ದೊಡ್ಡ ಲೋಟದಲ್ಲಿ ರಾಗಿ ಗಂಜಿ ಕೊಟ್ಟೆ. ಸಕ್ಕರೆಯನ್ನು ಬಿಡಿಸಿ ಕಷಾಯಕ್ಕೆ ನಮ್ಮದೇ ಆಲೆಮನೆಯ ಜೋನಿ ಬೆಲ್ಲ (ನೀರಾದ ಬೆಲ್ಲ) ಹಾಕಿದೆ. ಎರಡೂ ಒಳ್ಳೆಯದೆಂದು ಮನಸಾರೆ ನಂಬಿದ್ದೆ. ಮಗಳು ಊರಿಗೆ ಬಂದಾಗ ಗ್ಲುಕೋಮೀಟರ್ ತಂದುಕೊಟ್ಟಳು. ಗಂಜಿಗೆ ಮೊದಲು 132 ಇದ್ದದ್ದು ಎರಡು ತಾಸಿನ ನಂತರ 246 ಆಯಿತು. ಕೈ ತೊಳೆಯಿಸಿ ಇನ್ನೊಮ್ಮೆ ನೋಡಿದರೂ ಹೆಚ್ಚು ಕಡಿಮೆ ಅಷ್ಟೇ ಇತ್ತು.

ಆ ಮೇಲೆ ತಕ್ಕಡಿ ತರಿಸಿದೆ. ಒಂದು ಮಧ್ಯಾಹ್ನ ಅವರಿಗೆ ಹೇಳದೆಯೇ ಬಡಿಸುವ ಅನ್ನವನ್ನು ಪ್ರತಿ ಸಲವೂ ತೂಗಿದೆ. ಸಾರಿಗೆ ಒಂದು ಸಲ, ಹುಳಿಗೆ ಒಂದು ಸಲ, ಕೊನೆಗೆ ಮಜ್ಜಿಗೆಗೆ ಒಂದು ಸಲ ಬಡಿಸಿದಾಗ ಒಟ್ಟು 420 ಗ್ರಾಂ ಆಯಿತು. ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ ಎಂಬ ಲೆಕ್ಕದಲ್ಲಿ ಒಂದೇ ಊಟಕ್ಕೆ 118 ಗ್ರಾಂ ಪಿಷ್ಟ ಅವರ ಹೊಟ್ಟೆ ಸೇರುತ್ತಿತ್ತು. ಪಲ್ಯ ಮಾತ್ರ ಎಲೆಯ ತುದಿಯಲ್ಲಿ ಎರಡು ಚಮಚದಷ್ಟಿತ್ತು. ಹೆಚ್ಚು ಉಂಡರೆಂದು ಅವರನ್ನು ದೂರುವಂತಿಲ್ಲ. ನಾನು ಇಪ್ಪತ್ತೆಂಟು ವರ್ಷ ಬಡಿಸಿದ ಕ್ರಮವೇ ಅದು.

ಅನ್ನವನ್ನು 120 ಗ್ರಾಂಗೆ ಇಳಿಸಿದೆ. ಹತ್ತನೆಯ ದಿನ ಸೊಪ್ಪಿನ ಬೆಟ್ಟದಿಂದ ಹೊರೆ ಇಳಿಸುತ್ತಿದ್ದವರು ಮೈಯೆಲ್ಲ ಬೆವೆತು, ಕೈ ನಡುಗುತ್ತ ಅಂಗಳದಲ್ಲೇ ಕುಳಿತುಬಿಟ್ಟರು. ಮಾತು ತೊದಲುತ್ತಿತ್ತು. ಮೀಟರಿನಲ್ಲಿ 58 ಇತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಆ ದಿನದಿಂದ ಅತ್ತೆಯವರು, ಗಟ್ಟಿ ಕೆಲಸ ಮಾಡುವವನಿಗೆ ಅನ್ನ ತಪ್ಪಿಸಬಾರದೆಂದು ದಿನವೂ ಹೇಳುತ್ತಿದ್ದಾರೆ. ನಾನು ಮಾಡಿದ್ದು ತಪ್ಪೇ? ರಾತ್ರಿಯ ಊಟಕ್ಕೆ ಏನು ಮಾಡಬಹುದು? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಆರೋಗ್ಯ ಇಲಾಖೆಯ ದಾದಿ, ಹೊನ್ನಾವರ

ಅಕ್ಕ, ಉಳಿದ ಮಾತಿಗೆ ಮೊದಲು ಆ 58 ಏಕೆ ಬಂತೆಂಬುದನ್ನು ಹೇಳಿಬಿಡುತ್ತೇನೆ. ಅನ್ನ ಕಡಿಮೆ ಮಾಡಿದ್ದು ತಪ್ಪಲ್ಲ. ಮಾತ್ರೆಯನ್ನು ಹಾಗೆಯೇ ಇಟ್ಟು ಅನ್ನವನ್ನು ಒಮ್ಮೆಲೇ ಕಾಲುಭಾಗಕ್ಕೆ ಇಳಿಸಿದ್ದರಿಂದ ಹೀಗಾಗಿದೆ. ಗ್ಲಿಮಿಪಿರೈಡ್ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡುವಂತೆ ಮಾಡುತ್ತದೆ; ಊಟ ಚಿಕ್ಕದಾಯಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಆದ್ದರಿಂದ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ಕಡಿಮೆ ಮಾಡುವುದಕ್ಕೆ ಮೊದಲೇ ವೈದ್ಯರನ್ನು ಕಂಡು, ಪ್ರಮಾಣವನ್ನು ಇಳಿಸಬೇಕೇ ಎಂದು ಕೇಳಬೇಕು. ಹೋಗುವಾಗ ಒಂದು ವಾರದ ಮೀಟರ್ ಲೆಕ್ಕವನ್ನು ಬರೆದುಕೊಂಡು ಹೋಗಿ, ಆ 58 ಬಂದ ದಿನವನ್ನೂ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

70ಕ್ಕಿಂತ ಕೆಳಗೆ ಬಂದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಸಣ್ಣ ಚಮಚ, ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರಿರದಿದ್ದರೆ ಇನ್ನೊಮ್ಮೆ ಕೊಡಬೇಕು. ಉಂಡೆ, ಹೋಳಿಗೆ ಕೊಡುವುದು ಬೇಡ, ಜಿಡ್ಡು ಇರುವ ತಿನಿಸು ರಕ್ತಕ್ಕೆ ತಡವಾಗಿ ಇಳಿಯುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಯಜಮಾನರು ಬೆಟ್ಟಕ್ಕೆ ಹೋಗುವಾಗ ಅಂಗಿಯ ಕಿಸೆಯಲ್ಲಿ ಸಕ್ಕರೆಯ ಪೊಟ್ಟಣವೊಂದು ಇರಲಿ.

ಈ ಚರ್ಚೆಯನ್ನು ಓದುವ ಇತರರಿಗೂ ಒಂದು ಮಾತು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ತೆಗೆದುಕೊಳ್ಳುವವರು ಅನ್ನ, ರೊಟ್ಟಿ ಎಲ್ಲವನ್ನೂ ತೀರ ಬಿಟ್ಟರೆ, ಸಕ್ಕರೆಯ ಅಂಕಿ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಹೆಚ್ಚಾಗಿ ಜೀವಕ್ಕೇ ಅಪಾಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಟೈಪ್ 1 (ದೇಹದಲ್ಲಿ ಇನ್ಸುಲಿನ್ ಹುಟ್ಟದ ಮಧುಮೇಹ) ಇರುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಇಲ್ಲಿ ಓದಿದ್ದನ್ನು ನೋಡಿ ಊಟವನ್ನು ಬದಲಿಸಬಾರದು.

ನಿವೃತ್ತ ಮಾಸ್ತರ, ಕುಮಟಾ

ನನಗೆ 2013ರಿಂದ ಈ ಕಾಯಿಲೆ ಇದೆ. ದಾದಿಯವರು ಹೇಳಿದ್ದು ಮೊದಲು ಆಗಬೇಕು. ಅದಾದ ಮೇಲೆ ಅಡುಗೆಯ ಮಾತು.

ನಮ್ಮ ಕಡೆ ಅಘನಾಶಿನಿ ಹೊಳೆಯ ಗಜನಿ ಭೂಮಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಬೆಳೆಯುವ ಕಗ್ಗ ಭತ್ತದ ಕೆಂಪಕ್ಕಿಗೆ ಬಹಳ ಗೌರವವಿದೆ. ಉಪ್ಪುನೀರನ್ನು ತಾಳಿಕೊಂಡು, ಗೊಬ್ಬರ ಬೇಡದೆ ಬೆಳೆಯುವ ಆ ಭತ್ತದ ಮೇಲೆ ನನಗೂ ಅಭಿಮಾನವಿದೆ. ಆದರೆ ಕೆಂಪಕ್ಕಿಯೆಂಬ ಧೈರ್ಯದಿಂದ ನಾನು ಆರು ವರ್ಷ ಹೊಟ್ಟೆ ತುಂಬ ಉಂಡು, ಎಚ್‌ಬಿಎ1ಸಿ 8ರ ಕೆಳಗೆ ಇಳಿಯದಿದ್ದಾಗ ಮಾತ್ರೆಯನ್ನು ದೂರಿದೆ. ತವುಡು ಉಳಿದ ಕುಚ್ಚಲಕ್ಕಿ ಬಿಳಿ ಅಕ್ಕಿಗಿಂತ ತುಸು ನಿಧಾನವಾಗಿ ಕರಗುತ್ತದೆ, ನಾರು ಸ್ವಲ್ಪ ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಅದರ ಪಿಷ್ಟದ ಪ್ರಮಾಣ ಬಿಳಿ ಅಕ್ಕಿಗಿಂತ ಹೇಳಿಕೊಳ್ಳುವಷ್ಟು ಕಡಿಮೆಯಿಲ್ಲ. ರಾಗಿಯ ವಿಷಯವೂ ಅದೇ. ನೂರು ಗ್ರಾಂ ಹಿಟ್ಟಿನಲ್ಲಿ 70 ಗ್ರಾಂ ಆಸುಪಾಸು ಪಿಷ್ಟವೇ ಇದೆ; ಸುಣ್ಣದ ಅಂಶ, ನಾರು ಚೆನ್ನಾಗಿವೆಯಾದರೂ ನುಣ್ಣಗೆ ಬೀಸಿ ತೆಳ್ಳಗೆ ಕುದಿಸಿದ ಗಂಜಿಯನ್ನು ಅಗಿಯುವ ಶ್ರಮವೂ ಇಲ್ಲದೆ ಕುಡಿದರೆ ಅದು ಬೇಗನೆ ರಕ್ತಕ್ಕೆ ಸೇರುತ್ತದೆ. ಜೋನಿ ಬೆಲ್ಲವಂತೂ ಹೆಸರು ಬೇರೆಯಾದ ಸಕ್ಕರೆ.

ನನಗೆ ನೆರವಾದದ್ದು ಜೋಡಿ ಪರೀಕ್ಷೆ. ಮೀಟರಿನ ಪರೀಕ್ಷೆಯ ಕಡ್ಡಿಗೆ ದುಡ್ಡು ಕೊಡಬೇಕಾದ್ದರಿಂದ ದಿನಕ್ಕೆ ಐದಾರು ಸಲ ಚುಚ್ಚಿಕೊಳ್ಳುವುದು ನಮ್ಮಂಥವರಿಗೆ ಆಗದು. ವಾರಕ್ಕೊಂದು ಊಟವನ್ನು ಆರಿಸಿಕೊಂಡು, ಅದರ ಮೊದಲ ತುತ್ತಿಗೆ ಮುಂಚೆ ಒಂದು ಸಲ, ಆ ತುತ್ತಿನಿಂದ ಎರಡು ತಾಸಿಗೆ ಇನ್ನೊಂದು ಸಲ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಒಂದೇ ತೂಕದ ಕಗ್ಗದ ಅನ್ನವನ್ನು ಮೊದಲು ಉಂಡ ದಿನ 198 ಬಂತು. ಬಸಳೆ ಸೊಪ್ಪಿನ ಪಲ್ಯವನ್ನೂ ಹೆಸರುಕಾಳಿನ ಉಸಳಿಯನ್ನೂ ತಿಂದು ಮುಗಿಸಿದ ಮೇಲೆ ಅದೇ ಅನ್ನವನ್ನು ಉಂಡು, ಅಂಗಳದಲ್ಲಿ ಹದಿನೈದು ನಿಮಿಷ ಅಡ್ಡಾಡಿದ ದಿನ 161 ಬಂತು. ಇದು ನನ್ನ ದೇಹದ ಲೆಕ್ಕ. ನಿಮ್ಮ ಯಜಮಾನರದ್ದು ಬೇರೆ ಇರಬಹುದು. ಅನ್ನಕ್ಕೆ ಮೊದಲು ಸೊಪ್ಪು, ಕಾಳು ಹೊಟ್ಟೆ ಸೇರಿದರೆ ಸಕ್ಕರೆ ನಿಧಾನವಾಗಿ ಏರುತ್ತದೆ ಎಂಬುದನ್ನು ಮಾತ್ರ ಬೇರೆ ಬೇರೆ ಅಧ್ಯಯನಗಳೂ ತೋರಿಸಿವೆ. ಊಟವಾಗಿ ಎರಡು ತಾಸಿಗೆ 180ರ ಒಳಗೆ, ಬರಿಹೊಟ್ಟೆಯಲ್ಲಿ 80ರಿಂದ 130ರ ನಡುವೆ ಇರುವುದು ಹೆಚ್ಚಿನವರಿಗೆ ಸಾಮಾನ್ಯ ಗುರಿ. ವಯಸ್ಸಾದವರಿಗೆ ವೈದ್ಯರು ಸ್ವಲ್ಪ ಸಡಿಲ ಬಿಡುತ್ತಾರೆ.

ಮಳೆಗಾಲದಲ್ಲಿ ಕಡ್ಡಿಯ ಡಬ್ಬಿಯ ಮುಚ್ಚಳವನ್ನು ಕೂಡಲೇ ಬಿಗಿಯಾಗಿ ಹಾಕಿ. ನಮ್ಮ ಕರಾವಳಿಯ ತೇವ ತಾಗಿದರೆ ಅಂಕಿ ತಪ್ಪು ಬರುತ್ತದೆ.

ಕಡಲತೀರದ ಮನೆ, ಕಾರವಾರ

ಘಟ್ಟದ ಮೇಲಿನ ಅಕ್ಕನವರು ಮೀನು ತಿನ್ನದಿರಬಹುದು, ತಿನ್ನುವವರಿಗಾಗಿ ಬರೆಯುತ್ತೇನೆ. ಬಂಗಡೆಯಲ್ಲಿ ಪಿಷ್ಟವೇ ಇಲ್ಲ, ನೂರು ಗ್ರಾಂಗೆ ಇಪ್ಪತ್ತು ಗ್ರಾಂ ಹತ್ತಿರ ಪ್ರೋಟೀನ್ ಇದೆ, ಹೃದಯಕ್ಕೆ ಒಳ್ಳೆಯದಾದ ಕೊಬ್ಬೂ ಇದೆ. ನಾವು ಅದಕ್ಕೆ ರವೆ ಹೊರಳಿಸಿ, ಎಣ್ಣೆಯಲ್ಲಿ ಮುಳುಗಿಸಿ, ರಾಶಿ ಅನ್ನದ ಜೊತೆ ತಿನ್ನುವುದರಿಂದ ಗುಣ ಕೆಡುತ್ತದೆ. ನಾನೀಗ ಬಂಗಡೆಯ ಎರಡು ಬದಿಗೂ ಮೂರು ಮೂರು ಕಡೆ ಗೀರಿ, ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರಿನಲ್ಲಿ ಕೆಂಪು ಮೆಣಸು, ಅರಿಶಿನ, ಬೆಳ್ಳುಳ್ಳಿಯನ್ನು ಅರೆದು ಆ ಗೀರುಗಳೊಳಗೆ ತುಂಬುತ್ತೇನೆ. ಕಾವಲಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಸವರಿ, ಬಾಳೆಲೆ ತುಂಡು ಹಾಸಿ, ಮೀನಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತೇನೆ. ಎಲೆ ಕಂದಾಗಿ ಅಂಚು ಸುಟ್ಟ ವಾಸನೆ ಬಂದಾಗ ಮಗುಚಬೇಕು. ರವೆಯ ನೆನಪು ಯಾರಿಗೂ ಬರುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳಲ್ಲಿ ಒಣಮೀನು ಮತ್ತು ಗಂಜಿಯೇ ನಮ್ಮ ಊಟವಾಗಿತ್ತು, ನಮ್ಮ ಮನೆಯವರ ಸಕ್ಕರೆ ಏರುತ್ತಿದ್ದದ್ದೂ ಆಗಲೇ. ಈಗ ಆ ದಿನಗಳಲ್ಲಿ ಮೊಟ್ಟೆ ಮತ್ತು ಕಾಳನ್ನು ಹೆಚ್ಚಿಸಿದ್ದೇವೆ. ಒಣಮೀನನ್ನು ಎರಡು ಮೂರು ನೀರಿನಲ್ಲಿ ನೆನೆಸಿ ಉಪ್ಪು ತೆಗೆದು, ವಾರಕ್ಕೊಮ್ಮೆ ಮಾತ್ರ ಮಾಡುತ್ತೇವೆ, ಏಕೆಂದರೆ ಇವರಿಗೆ ರಕ್ತದೊತ್ತಡವೂ ಇದೆ.

ಓದುಗ, ಯಲ್ಲಾಪುರ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೆ ಇದು ಅನುಕೂಲಸ್ಥರ ಊಟವೆಂದು ನನಗೆ ಅನ್ನಿಸುತ್ತದೆ. ನನ್ನ ತಾಯಿ ಕೂಲಿಗೆ ಹೋಗುತ್ತಾರೆ, ಅವರಿಗೂ ಸಕ್ಕರೆ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಸಿಗುವುದು ಅಕ್ಕಿ. ಬಾದಾಮಿ, ಪನೀರು ಎಂದು ಮೊಬೈಲಿನಲ್ಲಿ ಹೇಳುವವರ ಮಾತನ್ನು ಕೇಳಿ ನಮ್ಮಂಥವರು ಏನು ಮಾಡಬೇಕು? ನಮ್ಮ ಅಜ್ಜಿ ಎಂಬತ್ತು ದಾಟುವವರೆಗೆ ಮೂರು ಹೊತ್ತೂ ಅನ್ನವನ್ನೇ ಉಂಡರು, ಅವರಿಗೆ ಈ ಕಾಯಿಲೆ ಇರಲಿಲ್ಲ.

ನಿವೃತ್ತ ಮಾಸ್ತರ, ಕುಮಟಾ

ತಮ್ಮ, ನಿನ್ನ ಪ್ರಶ್ನೆ ಬಹಳ ಸರಿಯಾದದ್ದು. ಅಜ್ಜಿಯವರು ಉಂಡ ಅನ್ನ ಅವರ ತೋಳು ಕಾಲುಗಳಲ್ಲೇ ಖರ್ಚಾಗುತ್ತಿತ್ತು; ನಾಟಿ, ಕೊಯ್ಲು, ಬಾವಿಯಿಂದ ನೀರು ಸೇದುವುದು, ಒರಳಿನಲ್ಲಿ ಕುಟ್ಟುವುದು ಎಲ್ಲವೂ ಮೈಮುರಿದು ಮಾಡುವ ಕೆಲಸ. ಅಲ್ಲದೆ ಆ ಕಾಲದಲ್ಲಿ ಎಷ್ಟೋ ಜನರಿಗೆ ಕಾಯಿಲೆ ಇದ್ದರೂ ಪರೀಕ್ಷೆ ಮಾಡುವವರು ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆಯೆಂದು ತಿಳಿಯಿತು. ಅದು ಈಗ ಕೂಲಿಯವರನ್ನು, ಅನುಕೂಲಸ್ಥರನ್ನು ನೋಡಿ ಬರುವುದಿಲ್ಲ.

ಅಗ್ಗದ ಊಟಕ್ಕೆ ನಮ್ಮಲ್ಲಿ ಹುರುಳಿ ಇದೆ. ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿದರೆ ಕಟ್ಟನ್ನು ಬಸಿದು ಸಾರು ಮಾಡಿ ನಾವು ಉಣ್ಣುತ್ತಿದ್ದೆವು, ಕಾಳು ಎತ್ತುಗಳ ಕಲಗಚ್ಚಿಗೆ ಹೋಗುತ್ತಿತ್ತು. ಪ್ರೋಟೀನ್ ಮತ್ತು ನಾರೆಲ್ಲ ಎತ್ತಿಗೆ, ಬಸಿದ ನೀರು ಮತ್ತು ಅನ್ನ ನಮಗೆ. ಈಗ ಕಟ್ಟಿನ ಸಾರನ್ನು ಮಾಡಿ, ಕಾಳನ್ನು ಈರುಳ್ಳಿ, ಕರಿಬೇವಿನ ಒಗ್ಗರಣೆಯೊಡನೆ ಬಟ್ಟಲು ತುಂಬ ತಿನ್ನುತ್ತೇನೆ. ಕಾಳಿನಲ್ಲೂ ಪಿಷ್ಟವಿದೆ, ಆದರೆ ನಾರು ಮತ್ತು ಪ್ರೋಟೀನ್ ಜೊತೆಗಿರುವುದರಿಂದ ನಿಧಾನವಾಗಿ ಏರುತ್ತದೆ, ಹಸಿವೂ ಬೇಗ ಆಗುವುದಿಲ್ಲ. ಬೇಲಿಯ ಚಕ್ರಮುನಿ, ಹಿತ್ತಿಲ ಬಸಳೆ, ಕೆಸುವಿನ ಸೊಪ್ಪು, ಬಾಳೆದಿಂಡಿಗೆ ದುಡ್ಡು ಕೊಡಬೇಕಾಗಿಲ್ಲ. ತಾಯಿಯವರ ಅಕ್ಕಿಯನ್ನು ಬಿಡಿಸಬೇಡ. ಅಳತೆಯನ್ನು ಮೂರನೇ ಒಂದರಷ್ಟು ಇಳಿಸಿ, ಆ ಜಾಗಕ್ಕೆ ಹುರುಳಿಯನ್ನೂ ಒಂದು ಮೊಟ್ಟೆಯನ್ನೂ ಇಟ್ಟು ನೋಡು. ಮಾತ್ರೆ ಯಾವುದೆಂದು ಮೊದಲು ನೋಡಿಕೊಂಡೇ ಇದನ್ನು ಮಾಡಬೇಕು.

ಆರೋಗ್ಯ ಇಲಾಖೆಯ ದಾದಿ, ಹೊನ್ನಾವರ

ಮಾಸ್ತರರ ಮಾತಿಗೆ ಒಂದೇ ಸೇರ್ಪಡೆ. ಪಲ್ಯವೆಂದ ಮಾತ್ರಕ್ಕೆ ಎಲ್ಲವೂ ತರಕಾರಿಯಲ್ಲ. ಬಾಳೆಕಾಯಿ, ಸುವರ್ಣಗಡ್ಡೆ, ಕೆಸುವಿನ ಗಡ್ಡೆ, ನೀರುಹಲಸು ಇವುಗಳಲ್ಲಿ ಪಿಷ್ಟ ಬಹಳ ಇದೆ. ಅವು ಇದ್ದ ದಿನ ಅನ್ನದಲ್ಲಿ ಅಷ್ಟನ್ನು ಕಳೆಯಬೇಕು. ಹಾಗಲಕಾಯಿ ರಸ ಕುಡಿಯುತ್ತೇನೆಂದು ಮಾತ್ರೆ ಬಿಟ್ಟವರ ಕಾಲಿನ ಹುಣ್ಣಿಗೆ ನಾನು ಪಟ್ಟಿ ಕಟ್ಟಿದ್ದೇನೆ. ಹಾಗಲಕಾಯಿಯನ್ನು ಪಲ್ಯವಾಗಿ ತಿನ್ನಿ, ಔಷಧಿಯೆಂದು ನಂಬಬೇಡಿ.

ತೋಟದಮನೆ, ಶಿರಸಿ (ಆಗಸ್ಟ್ ತಿಂಗಳು)

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ದಾದಿಯವರು ಹೇಳಿದಂತೆ ಲೆಕ್ಕವನ್ನು ಬರೆದುಕೊಂಡು ಹೋಗಿ ತೋರಿಸಿದೆವು. ವೈದ್ಯರು ಗ್ಲಿಮಿಪಿರೈಡನ್ನು ಮೊದಲು ಅರ್ಧ ಮಾಡಿ, ಆರು ವಾರದ ಮೇಲೆ ನಿಲ್ಲಿಸಿದರು; ಮೆಟ್‌ಫಾರ್ಮಿನ್ ಮುಂದುವರಿದಿದೆ. ಮೊನ್ನೆ ಎಚ್‌ಬಿಎ1ಸಿ 7.0 ಬಂತು. ಮತ್ತೆ ಒಂದು ಸಲವೂ ನಡುಕ ಬರಲಿಲ್ಲ.

ಈ ಅವಧಿಯಲ್ಲಿ ನಾನು ಕಲಿತ ಬಹು ಮುಖ್ಯವಾದ ಸಂಗತಿಯನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಗೊಜ್ಜು, ಹುಳಿ, ಅಪ್ಪೆಹುಳಿ, ತಂಬುಳಿ, ಹಶಿ ಎಲ್ಲದರ ಉಪ್ಪು, ಹುಳಿ, ಖಾರ ಅನ್ನಕ್ಕೆ ಕಲಸಿಕೊಳ್ಳುವ ಹದದಲ್ಲಿರುತ್ತದೆ. ಅನ್ನವನ್ನು ಕಡಿಮೆ ಮಾಡಿ ಅದೇ ಗೊಜ್ಜನ್ನು ಬಟ್ಟಲಲ್ಲಿ ಕೊಟ್ಟರೆ ನಾಲಿಗೆ ಚುರ್ ಎನ್ನುತ್ತದೆ, ಮತ್ತೆರಡು ಸೌಟು ಅನ್ನವನ್ನು ಅದೇ ಬೇಡುತ್ತದೆ. ಮೊದಲ ತಿಂಗಳು ಯಜಮಾನರು ಊಟ ಮುಗಿದ ಮೇಲೂ ಏನೋ ಬಾಕಿ ಉಳಿಯಿತೆಂದು ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಅವರ ರಕ್ತದೊತ್ತಡವೂ ಸ್ವಲ್ಪ ಏರಿತ್ತು. ಆದ್ದರಿಂದ ಉಪ್ಪು ಹಾಕುವ ಕೈಯನ್ನೇ ಬದಲಿಸಿದೆ. ಒಂದೆಲಗದ ತಂಬುಳಿಗೆ ಈಗ ಸೊಪ್ಪು ಎರಡು ಮುಷ್ಟಿ, ಉಪ್ಪು ಮೊದಲಿನ ಅರ್ಧ; ಜೀರಿಗೆ ಮತ್ತು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಹಿಡಿಯಷ್ಟೇ ಕಾಯಿತುರಿಯೊಡನೆ ಅರೆದು, ದಪ್ಪ ಮಜ್ಜಿಗೆಯಲ್ಲಿ ಕದಡುತ್ತೇನೆ. ಅದನ್ನು ದೊಡ್ಡ ಲೋಟದಲ್ಲಿ ಊಟಕ್ಕೆ ಮೊದಲು ಕುಡಿಯುತ್ತಾರೆ. ಮೊಗೆಕಾಯಿ ಹುಳಿಯಲ್ಲಿ ಹೋಳು ಮುಕ್ಕಾಲು, ರಸ ಕಾಲು ಆಗಿದೆ, ಬೆಲ್ಲ ಬೀಳುವುದಿಲ್ಲ. ಬಾಳೆದಿಂಡನ್ನು ಸಣ್ಣಗೆ ಹೆಚ್ಚಿ, ನಾರನ್ನು ಬೆರಳಿಗೆ ಸುತ್ತಿ ತೆಗೆದು, ನೆನೆಸಿದ ಹೆಸರುಬೇಳೆಯೊಡನೆ ಕೋಸಂಬರಿ ಮಾಡಿದರೆ ಅವರೊಬ್ಬರೇ ಒಂದು ಬಟ್ಟಲು ಮುಗಿಸುತ್ತಾರೆ. ಅನ್ನ 120 ಗ್ರಾಂ, ಕೊನೆಯಲ್ಲಿ, ಮಜ್ಜಿಗೆಗೆ. ಮಜ್ಜಿಗೆ ಅನ್ನವಿಲ್ಲದೆ ಅವರಿಗೆ ಉಂಡಂತೆ ಆಗುವುದಿಲ್ಲವಾದ್ದರಿಂದ ಅದೊಂದನ್ನು ನಾನು ಮುಟ್ಟಲಿಲ್ಲ.

ಬೆಳಿಗ್ಗೆ ರಾತ್ರಿಯಿಡೀ ನೆನೆಸಿದ ಹೆಸರುಕಾಳಿಗೆ ಶುಂಠಿ, ಹಸಿಮೆಣಸು ಸೇರಿಸಿ ಅರೆದು ತೆಳ್ಳೇವಿನಂತೆ (ನಮ್ಮ ಕಡೆಯ ತೆಳು ದೋಸೆ) ಹುಯ್ಯುತ್ತೇನೆ. ರಾತ್ರಿ ಹುರುಳಿಕಾಳಿನ ಉಸಳಿ ಅಥವಾ ಮನೆಯಲ್ಲೇ ಒಡೆಸಿದ ಹಾಲಿನ ಗಟ್ಟಿಯೊಡನೆ ಸೊಪ್ಪಿನ ಪಲ್ಯ. ಕಷ್ಟವಾದದ್ದು ಆಸರಿ, ಅಂದರೆ ಬಂದವರಿಗೆ ಕುಡಿಯಲು ಕೊಡುವುದು. ಮನೆಗೆ ಯಾರೇ ಬಂದರೂ ಅವರೊಡನೆ ಇವರಿಗೂ ಒಂದು ಲೋಟ ಕಷಾಯ ಹೋಗುತ್ತಿತ್ತು, ದಿನಕ್ಕೆ ನಾಲ್ಕೈದು ಸಲ. ಈಗ ಬೆಲ್ಲವಿಲ್ಲದೆ ಎರಡೇ ಸಲ. ಉಳಿದ ಹೊತ್ತಿಗೆ ಮುರುಗಲು ನೀರಿಗೆ ಜೀರಿಗೆ ಮತ್ತು ಚಿಟಿಕೆ ಉಪ್ಪು. ಸಮಾರಂಭದ ಊಟದಲ್ಲಿ ಕೋಸಂಬರಿ, ಪಲ್ಯಗಳನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡು, ಎರಡನೇ ಸಲ ಅನ್ನ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಮೊದಲೆಲ್ಲ ನೆಂಟರು ಬೇಸರಿಸಿಕೊಂಡರು. ಈಗ ಅವರಲ್ಲೇ ಇಬ್ಬರು ತಮ್ಮ ಅಂಕಿಗಳನ್ನು ನನಗೆ ಫೋನ್ ಮಾಡಿ ಹೇಳುತ್ತಾರೆ.

ಒಂದು ಕಡೆ ಮಾತ್ರ ಹಿನ್ನಡೆಯಾಗಿದೆ. ಹಸಿವು ತಡೆಯಲೆಂದು ಕಾಯಿತುರಿ ಮತ್ತು ತುಪ್ಪವನ್ನು ಧಾರಾಳವಾಗಿ ಹಾಕಿದ್ದರಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 112ರಿಂದ 138ಕ್ಕೆ ಏರಿದೆ. ತೋಟದಲ್ಲೇ ತೆಂಗು ಇರುವವರಿಗೆ ಕಾಯಿ ಕಡಿಮೆ ಮಾಡುವುದು ಅನ್ನ ಕಡಿಮೆ ಮಾಡುವುದಕ್ಕಿಂತ ಕಷ್ಟ. ದಿನಕ್ಕೆ ಒಬ್ಬರಿಗೆ ಎರಡು ಚಮಚ ತುರಿಯೆಂದು ಅಳೆದು ಇಟ್ಟುಕೊಂಡಿದ್ದೇನೆ, ಪಲ್ಯಕ್ಕೆ ಎಳ್ಳು ಮತ್ತು ಶೇಂಗಾ ಪುಡಿಯನ್ನು ಬಳಸುತ್ತಿದ್ದೇನೆ. ಮೂರು ತಿಂಗಳಿಗೆ ಮತ್ತೆ ನೋಡಲು ವೈದ್ಯರು ಹೇಳಿದ್ದಾರೆ.

ಅತ್ತೆಯವರು ಈಗ ತಕ್ಕಡಿಯನ್ನು ತಾವೇ ಎತ್ತಿಡುತ್ತಾರೆ. ಹಿತ್ತಿಲಲ್ಲಿ ಮಳೆಗಾಲದ ಸೌತೆ ಬಿಟ್ಟಿರುವುದರಿಂದ, ಒಂದು ಪಾವು ಅಕ್ಕಿಗೆ ಮೂರು ಪಾವು ಸೌತೆ ತುರಿ ಸೇರಿಸಿ ತೆಳ್ಳೇವು ಮಾಡಿ ನೋಡಿ ಎಂದವರೂ ಅವರೇ. ಎರಡು ತೆಳ್ಳೇವು, ಒಂದು ಬಟ್ಟಲು ಕಾಳಿನ ಉಸಳಿ. ಮೊದಲು 118, ಎರಡು ತಾಸಿಗೆ 149. ಚೌತಿ ಹತ್ತಿರ ಬಂದಿದೆ, ಮುಂದಿನ ವಾರ ನಮ್ಮ ಕೇರಿಯಲ್ಲಿ ಚಕ್ಕುಲಿ ಕಂಬಳ, ಅಂದರೆ ನೆರೆಹೊರೆಯವರೆಲ್ಲ ಸೇರಿ ಚಕ್ಕುಲಿ ಸುತ್ತುವುದು. ಅಕ್ಕಿ ಹಿಟ್ಟಿಗೆ ಉದ್ದನ್ನು ಎಷ್ಟರವರೆಗೆ ಏರಿಸಿದರೆ ಕೈಯಲ್ಲಿ ಸುತ್ತಲು ಬರುತ್ತದೆ ಎಂಬುದನ್ನು ತಿಳಿದವರು ಯಾರಾದರೂ ಇದ್ದರೆ ತಿಳಿಸಿ; ಒಂದು ಸುತ್ತನ್ನು ಬೇರೆ ಮಾಡಿಟ್ಟು, ಅವರಿಗೆ ಒಂದೇ ಚಕ್ಕುಲಿ ಕೊಟ್ಟು, ಎರಡು ತಾಸಿನ ಅಂಕಿಯನ್ನು ಇಲ್ಲಿ ಬರೆಯುತ್ತೇನೆ.